ಕಿವಿ ಮಷಿನ್ ಹಾಕಿದರೂ ಮಾತು ತಿಳಿಯುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮಪ್ಪನವರಿಗೆ 66 ವರ್ಷ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ 30 ವರ್ಷ ದುಡಿದವರು. ಮೂರು ತಿಂಗಳ ಹಿಂದೆ ಎರಡೂ ಕಿವಿಗೆ ಮಷಿನ್ ಕೊಡಿಸಿದೆವು. 'ಸದ್ದು ಕೇಳ್ತೈತಿ, ಮಾತು ತಿಳಿಯಂಗಿಲ್ಲ' ಅಂತ ತೆಗೆದಿಟ್ಟಿದ್ದಾರೆ. ಇನ್ನೂ ದುಬಾರಿ ಮಷಿನ್ ಕೊಡಿಸಬೇಕಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಸದ್ಯಕ್ಕೆ ಹೊಸದು ಬೇಡ. ನಿಮ್ಮ ತಂದೆಯವರು ಹೇಳಿದ ಆ ಒಂದು ಮಾತನ್ನು ಗಂಭೀರವಾಗಿ ತಗೊಳ್ಳಿ, ತೊಂದರೆ ಎಲ್ಲಿದೆ ಅಂತ ಅದರಲ್ಲೇ ಇದೆ.

ವರ್ಷಗಟ್ಟಲೆ ಗಿರಣಿ ಸದ್ದಿನಲ್ಲಿದ್ದವರ ಒಳಗಿವಿಯಲ್ಲಿ ಕೂದಲಿನಂಥ ಸಣ್ಣ ಜೀವಕೋಶಗಳು ಸಾಯುತ್ತವೆ. ಮತ್ತೆ ಹುಟ್ಟುವುದಿಲ್ಲ. ಪೆಟ್ಟು ಮೊದಲು ಬೀಳುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ಸದ್ದಿಗೆ. ಲಾರಿ ಸದ್ದು ಕೇಳುತ್ತದೆ, ಆದರೆ ಸ, ಶ, ತ, ಕ ಥರದ ಮೆಲ್ಲನೆಯ ವ್ಯಂಜನಗಳು ಜಾರಿಹೋಗುತ್ತವೆ. 'ಸಾಲು' ಅಂದರೂ 'ಕಾಲು' ಅಂದರೂ ಬರೀ 'ಆಲು' ಕೇಳಬಹುದು. ನೀವು ಕೂಗಿದರೆ ಆ 'ಆ'ಕಾರವೇ ಜಾಸ್ತಿ ಜೋರಾಗುತ್ತದೆ. ಅದಕ್ಕೇ 'ಯಾಕೆ ಕಿರುಚ್ತಿ' ಅಂತ ಅವರಿಗೆ ಸಿಟ್ಟು ಬರುವುದು. ಪಾಪ, ಅದು ಅವರ ಹಟವಲ್ಲ.

ಮಷಿನ್ ಎತ್ತಿಕೊಡಬೇಕಾದ್ದು ಈ ಕೀರಲು ಸದ್ದನ್ನೇ. ಎಷ್ಟೋ ಕಡೆ ಆಡಿಯೋಗ್ರಾಂ, ಅಂದರೆ ಯಾವ ಸದ್ದು ಎಷ್ಟು ಕೇಳುತ್ತದೆ ಅಂತ ತೋರಿಸುವ ಕಿವಿ ಪರೀಕ್ಷೆಯ ನಕ್ಷೆಯನ್ನು ಕಂಪ್ಯೂಟರಿಗೆ ಹಾಕಿ, ಕಂಪನಿ ಸಾಫ್ಟ್‌ವೇರ್ ಕೊಟ್ಟ ಸೆಟ್ಟಿಂಗ್ ಅನ್ನೇ ಬಿಟ್ಟು ಕಳಿಸುತ್ತಾರೆ. ಅದು ಸರಾಸರಿ ಕಿವಿಯ ಲೆಕ್ಕ. ಆದರೆ ಒಬ್ಬೊಬ್ಬರ ಕಿವಿ ಕೊಳವೆ ಒಂದೊಂದು ಅಳತೆ, ಅಲ್ವಾ? ಕಿವಿತಮಟೆ ಹತ್ತಿರ ನಿಜವಾಗಿ ಎಷ್ಟು ಸದ್ದು ಮುಟ್ಟುತ್ತಿದೆ ಅಂತ ನೋಡಲು 'ರಿಯಲ್ ಇಯರ್ ಮೆಷರ್‌ಮೆಂಟ್' ಎಂಬ ಪರೀಕ್ಷೆ ಇದೆ. ತೆಳ್ಳನೆಯ ಮೆತ್ತನೆ ಕೊಳವೆಯನ್ನು ಕಿವಿಯೊಳಗಿಟ್ಟು, ಮೇಲೆ ಮಷಿನ್ ಹಾಕಿ, ಮಾತಿನ ಸದ್ದು ನುಡಿಸುತ್ತಾರೆ. ನೋವಿಲ್ಲ. ಆಸ್ಟ್ರೇಲಿಯಾದಲ್ಲಿ ರೂಪಿಸಿದ ಎನ್‌ಎಎಲ್-ಎನ್‌ಎಲ್2 ಎಂಬ ಸೂತ್ರ ಹೇಳುವಷ್ಟು ಸದ್ದು ಬರುವವರೆಗೆ ಸೆಟ್ಟಿಂಗ್ ತಿದ್ದುತ್ತಾರೆ.

2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 24 ಜನರಿಗೆ ಕಂಪನಿಯ ಸೆಟ್ಟಿಂಗ್, ಅಳೆದು ತಿದ್ದಿದ ಸೆಟ್ಟಿಂಗ್ ಎರಡನ್ನೂ ಕೊಟ್ಟು ನೋಡಿದರು. ಮಷಿನ್ ಅದೇ. ಹೀಗೆ ಅಳೆದು ತಿದ್ದಿದ್ದನ್ನು 19 ಜನ ಮೆಚ್ಚಿದರು. ಅಧ್ಯಯನ ಸಣ್ಣದೇ. ಆದರೂ ನನ್ನ ಪ್ರಕಾರ, ಅಳತೆ ಮಾಡದೆ ಮಷಿನ್ ಬದಲಿಸುವುದು ಸುಮ್ನೆ ದುಡ್ಡು ಕಳೆದುಕೊಂಡಂತೆ.

ಮೊದಲು ಗುಗ್ಗೆ ಇದೆಯಾ ಅಂತ ನೋಡಿಸಿ. ಆಮೇಲೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ 'ರಿಯಲ್ ಇಯರ್ ಮೆಷರ್‌ಮೆಂಟ್' ಮಾಡ್ತೀರಾ ಅಂತ ಹೆಸರು ಹಿಡಿದೇ ಕೇಳಿ. ಕನ್ನಡ ವಾಕ್ಯಗಳಲ್ಲೇ ಮಾತಿನ ಪರೀಕ್ಷೆ ಮಾಡಿಸಿ, ಬರೀ 'ಬೀಪ್' ಸದ್ದು ಸಾಲದು. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯವರು ಇದಕ್ಕೆಂದೇ ಕನ್ನಡ ವಾಕ್ಯಗಳ ಪಟ್ಟಿ ಸಿದ್ಧ ಮಾಡಿದ್ದಾರೆ.

ತಿದ್ದಿದ ಮೇಲೆ ಮೊದಮೊದಲು ಪಾತ್ರೆ ಸದ್ದು, ಪೇಪರ್ ಸದ್ದು ಚುಚ್ಚಿದಂತೆ ಅನಿಸುತ್ತದೆ. ಕೆಲವು ವಾರ ಬೇಕು. ಸಂತೆಯಲ್ಲಿ, ಮದುವೆ ಮನೆಯಲ್ಲಿ ಆಗಲೂ ಕಷ್ಟವೇ. ಮನೆಯಲ್ಲಿ ಟಿವಿ ಆರಿಸಿ, ಎದುರಿಗೆ ಕೂತು, ನಿಧಾನವಾಗಿ ಮಾತಾಡಿಸಿ. ಹೋಗುವಾಗ ಹಳೆಯ ಆಡಿಯೋಗ್ರಾಂ, ಎರಡೂ ಮಷಿನ್ ಜೊತೆಗಿರಲಿ.