ಮಗಳ ಪಾಲಿನ ಸೀಟು ಯಾವುದು?

ಸಿಂಧನೂರು ತಾಲ್ಲೂಕಿನ ಭತ್ತದ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಮಗಳು ನೀಟ್‌ಗಾಗಿ ಹಗಲಿರುಳು ಓದಿದಳು. ಆದರೂ ಎಂಬಿಬಿಎಸ್ ಸೀಟು ಸಿಗುವ ಧೈರ್ಯವಿಲ್ಲ. ವಿದೇಶಿ ವಿದ್ಯಾರ್ಥಿಗಳಿಗೆ ಪ್ರವೇಶ ಪರೀಕ್ಷೆಯೇ ಇಲ್ಲದೆ ಶೇ 25ರಷ್ಟು ಸೀಟು ಕೊಡುತ್ತಾರಂತೆ. ನಮ್ಮ ನೆಲದಲ್ಲಿ ನಮ್ಮ ಮಕ್ಕಳೇ ಹೊರಗೆ ನಿಲ್ಲಬೇಕೆ?’

ಸಂಪಾದಕರ ಉತ್ತರ:

ನಿಮ್ಮ ಸಿಟ್ಟಿಗೆ ಕಾರಣವಿದೆ. ಆದರೆ ನೀವು ಬೊಟ್ಟು ಮಾಡಿರುವವರು ನಿಮ್ಮ ಮಗಳ ಸೀಟನ್ನು ಕಸಿದಿಲ್ಲ.

ಆ ಶೇ 25 ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಿಂದ ಬಂದದ್ದು. ಮಂಜೂರಾದ ಸೀಟುಗಳನ್ನು ಮುಟ್ಟದೆ, ಅವುಗಳ ಮೇಲೆ ಅಷ್ಟರವರೆಗೆ ಹೆಚ್ಚುವರಿ ಸೀಟು ಮಾಡಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಅವು ವಿದೇಶಿ ಪಾಸ್‌ಪೋರ್ಟ್ ಉಳ್ಳವರಿಗೆ ಮಾತ್ರ. ಯಾರೂ ಬಾರದಿದ್ದರೆ ಖಾಲಿ ಉಳಿಯಬೇಕೇ ಹೊರತು ಬೇರೆಯವರಿಗೆ ಕೊಡುವಂತಿಲ್ಲ. ವೃತ್ತಿಪರ ಕೋರ್ಸುಗಳಲ್ಲಂತೂ ಆಯಾ ಶಾಸನಬದ್ಧ ಸಂಸ್ಥೆಯ ನಿಯಮವೇ ನಡೆಯುತ್ತದೆ. ಎಂಬಿಬಿಎಸ್ ಸೇರಲು ವಿದೇಶಿಯರೂ ನೀಟ್ ಬರೆಯಲೇಬೇಕು. ಐಐಟಿಗಳಲ್ಲಿ ವಿದೇಶಿಯರಿಗಿರುವ ಶೇ 10ರವರೆಗಿನ ಸೀಟುಗಳೂ ಹೆಚ್ಚುವರಿಯೇ.

ನಮಗೆ ಅನ್ಯಾಯವಾಗುತ್ತಿರುವುದು ಬೇರೆ ಕಡೆ. ಖಾಸಗಿ ವೈದ್ಯಕೀಯ ಕಾಲೇಜುಗಳ ಎನ್‌ಆರ್‌ಐ ಕೋಟಾ ಇರುವ ಸೀಟುಗಳೊಳಗಿಂದಲೇ ತೆಗೆದದ್ದು. 2005ರ ಇನಾಮದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಶೇ 15ರ ಮಿತಿ ಹಾಕಿ, ಅದು ನಿಜವಾದ ಅನಿವಾಸಿ ಭಾರತೀಯರಿಗೇ ಸಲ್ಲಬೇಕೆಂದಿತು. ಪಂಜಾಬ್ ಸರ್ಕಾರ ಮಾತ್ರ ಚಿಕ್ಕಪ್ಪ, ಅತ್ತೆ, ಅಜ್ಜ, ಅಜ್ಜಿ ಹೊರದೇಶದಲ್ಲಿದ್ದರೂ ಸಾಕೆಂದು ಅದನ್ನು ಹಿಗ್ಗಿಸಲು ಹೊರಟಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ತಳ್ಳಿಹಾಕಿ, ಇದು ವಂಚನೆ ಎಂದೇ ಹೇಳಿತು. ನೀಟ್‌ನಲ್ಲಿ ಬರೀ ಅರ್ಹತೆ ಗಿಟ್ಟಿಸಿದವರು ಹಣದ ಬಲದಿಂದ ಒಳಗೆ ಹೋಗುವಾಗ, ಅವರಿಗಿಂತ ಎಷ್ಟೋ ಮುಂದಿರುವ ರೈತನ ಮಗಳು ಹೊರಗುಳಿಯುತ್ತಾಳೆ. ನಿಮ್ಮ ಪ್ರಶ್ನೆಯನ್ನು ಈ ಕೋಟಾದ ಮುಂದಿಡಿ, ನಾವೂ ದನಿಗೂಡಿಸುತ್ತೇವೆ.

ವಿದೇಶಿ ವಿದ್ಯಾರ್ಥಿಗಳ ಮೇಲೆ ಹಗೆ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಇಂಗ್ಲೆಂಡಿನಲ್ಲಿ ಸ್ವದೇಶಿ ವಿದ್ಯಾರ್ಥಿಗಳ ಶುಲ್ಕಕ್ಕೆ ಸರ್ಕಾರ ಮಿತಿ ಹಾಕಿದೆ; ಹೀಗಾಗಿ ಅಲ್ಲಿನ ವಿಶ್ವವಿದ್ಯಾಲಯಗಳು ಹೊರಗಿನವರ ದುಬಾರಿ ಶುಲ್ಕವನ್ನು ನೆಚ್ಚಿಕೊಂಡಿವೆ. ಕೆನಡಾ 2024ರಲ್ಲಿ ವಿದೇಶಿ ವಿದ್ಯಾರ್ಥಿಗಳ ಪರವಾನಗಿಗೇ ಮಿತಿ ಹಾಕಿತು. ಅಲ್ಲಿ ಹೊರಗಿನವರೆಂದರೆ ನಮ್ಮ ಮಕ್ಕಳು.

ಇನ್ನು ನಿಮ್ಮ ಮಗಳ ಹಕ್ಕಿನ ವಿಚಾರ. ಪತ್ರದಲ್ಲಿ ನೀವು ಅದನ್ನು ಎತ್ತಿಯೇ ಇಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ, ರಾಜ್ಯದ ಕೋಟಾದಲ್ಲಿ ಕಲ್ಯಾಣ ಕರ್ನಾಟಕದ ಕಾಲೇಜುಗಳ ಶೇ 70ರಷ್ಟು, ರಾಜ್ಯದ ಉಳಿದೆಡೆ ಶೇ 8ರಷ್ಟು ಸೀಟು ಇಲ್ಲಿನವರಿಗೆ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಳೆದ ಸಾಲಿನ ಹಂಚಿಕೆ ಪಟ್ಟಿಯನ್ನು ತೆರೆದು ನೋಡಿ. ಪ್ರವರ್ಗದ ಸಂಕೇತದ ಕೊನೆಗೆ ‘ಎಚ್’ ಅಕ್ಷರವಿದ್ದರೆ ಅದು ನಮ್ಮ ಭಾಗದ ಸೀಟು; ಹೈದರಾಬಾದ್ ಕರ್ನಾಟಕವೆಂಬ ಹಳೆಯ ಹೆಸರಿನ ಗುರುತು ಅದು. ‘ಜಿಎಂ’ (ಸಾಮಾನ್ಯ ವರ್ಗ) ಎಂಬಲ್ಲಿನ ಕೊನೆಯ ರ‍್ಯಾಂಕ್ ಕಂಡು ಎದೆಗುಂದಬೇಡಿ, ‘ಜಿಎಂಎಚ್’ ಎಂಬಲ್ಲಿ ನೋಡಿ.

ಈ ಸೀಟಿಗೆ ಸಹಾಯಕ ಆಯುಕ್ತರು ನೀಡುವ 371(ಜೆ) ಪ್ರಮಾಣಪತ್ರ ಬೇಕು. ಅದಿಲ್ಲದೆ ದಾಖಲೆ ಪರಿಶೀಲನೆಗೆ ಹೋದರೆ ಆಕೆ ಈ ಪಟ್ಟಿಯಲ್ಲೇ ಇರುವುದಿಲ್ಲ. ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಅರ್ಜಿ ಹಾಕಿ.