ಅಮ್ಮನ ಕಣ್ಣಿನ ಇಂಜೆಕ್ಷನ್: ಅಮೆರಿಕಕ್ಕೆ ಕರೆಸಿಕೊಳ್ಳುವ ಮುನ್ನ

ಅಮ್ಮನಿಗೆ ವಯಸ್ಸಿನಿಂದ ಬರುವ ವೆಟ್ ಮ್ಯಾಕ್ಯುಲಾ ಕಾಯಿಲೆ (ಕಣ್ಣಿನ ಹಿಂಭಾಗದ ಪರದೆ ರೆಟಿನಾದ ನಡುವೆ ನೀರು ಒಸರಿ ನೋಟ ಕೆಡುವುದು) ಇದೆ, ತಿಂಗಳಿಗೊಂದು ಇಂಜೆಕ್ಷನ್ ನಡೀತಿದೆ, ಅಮೆರಿಕಕ್ಕೆ ಆರು ತಿಂಗಳ ಮಟ್ಟಿಗೆ ಬಂದಾಗ ಕಣ್ಣೊಳಗೆ ಕೂರಿಸುವ ಹೊಸ ಸಾಧನ ಹಾಕಿಸಿಬಿಡಬಹುದಾ ಅಂತ ಕೇಳಿದ್ದೀರಿ. ಬಂದು ಹೋಗುವವರಿಗೆ ಅದು ಬೇಡ ಅಂತಲೇ ಹೇಳುತ್ತೇನೆ.

ನೀವು ಕೇಳುತ್ತಿರುವುದು ಸಸ್ವಿಮೊ. ಅಕ್ಕಿಕಾಳಿನಷ್ಟು ಗಾತ್ರ; ಆಪರೇಷನ್ ಮಾಡಿ ಕಣ್ಣಿನ ಬಿಳಿಭಾಗದ ಗೋಡೆಯಲ್ಲಿ ಕೂರಿಸುತ್ತಾರೆ. ಒಳಗೆ 20 ಮೈಕ್ರೊಲೀಟರ್‌ನಲ್ಲಿ 2 ಮಿ.ಗ್ರಾಂ ರಾನಿಬಿಜುಮ್ಯಾಬ್ ಅನ್ನುವ ಔಷಧಿ ಇರುತ್ತದೆ, ಅದು ನಿಧಾನವಾಗಿ ಒಸರುತ್ತದೆ. "ಒಂದೇ ಸಲ" ಅನ್ನುವುದು ತಪ್ಪು ಮಾತು: 24 ವಾರಕ್ಕೊಮ್ಮೆ ಅದಕ್ಕೆಂದೇ ಮಾಡಿದ ಸೂಜಿಯಿಂದ, ತರಬೇತಿ ಪಡೆದ ಡಾಕ್ಟರೇ ಮತ್ತೆ ತುಂಬಬೇಕು. ಅಮ್ಮ ವಾಪಸು ಹೋದ ಮೇಲೆ ಅಲ್ಲಿ ತುಂಬುವವರು ಯಾರು? ಅಷ್ಟೇ ಅಲ್ಲ, ತಿಂಗಳ ಇಂಜೆಕ್ಷನ್‌ಗೆ ಹೋಲಿಸಿದರೆ ಕಣ್ಣೊಳಗಿನ ಸೋಂಕು ಮೂರು ಪಟ್ಟು ಹೆಚ್ಚು ಅಂತ ಔಷಧಿಯ ಜೊತೆ ಬರುವ ಮಾಹಿತಿ ಚೀಟಿಯಲ್ಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ ಇದೆ. 2021ರಲ್ಲಿ ಒಪ್ಪಿಗೆ ಸಿಕ್ಕ ಸಾಧನವನ್ನು, ಸೂಜಿ ಚುಚ್ಚುವ ಮುಚ್ಚಳ ಒಳಗೆ ಜಾರುತ್ತಿತ್ತು ಅಂತ 2022ರಲ್ಲಿ ಹಿಂದಕ್ಕೆ ಕರೆಸಿಕೊಂಡು, ತಿದ್ದಿ 2024ರಲ್ಲಿ ಮತ್ತೆ ತಂದರು. ಇಲ್ಲೇ ನೆಲೆಸುವವರಾದರೆ ಯೋಚಿಸಬಹುದು. ಅವರಿಗೂ ಮೊದಲು ಕನಿಷ್ಠ ಎರಡು ಇಂಜೆಕ್ಷನ್‌ಗೆ ಕಣ್ಣು ಸ್ಪಂದಿಸಿರಬೇಕು.

ನಿಮಗೆ ಹೊಂದುವುದು ಇಂಜೆಕ್ಷನ್‌ಗಳ ನಡುವಿನ ಅಂತರ ಹಿಗ್ಗಿಸುವ ಔಷಧಿಗಳು. ಫಾರಿಸಿಮ್ಯಾಬ್ 6 ಮಿ.ಗ್ರಾಂ, ಅಥವಾ ಅಫ್ಲಿಬರ್ಸೆಪ್ಟ್ 8 ಮಿ.ಗ್ರಾಂ. ಮೊದಲನೆಯದು ಶುರುವಿಗೆ ನಾಲ್ಕು ತಿಂಗಳು, ಎರಡನೆಯದು ಮೂರು ತಿಂಗಳು, ತಿಂಗಳಿಗೊಂದು. ಆಮೇಲೆ ರೆಟಿನಾದಲ್ಲಿ ನೀರು ಇಲ್ಲದಿದ್ದರೆ ಅಂತರವನ್ನು 16 ವಾರದವರೆಗೂ ಒಯ್ಯಬಹುದು. ಎಲ್ಲರ ಕಣ್ಣೂ ಅಲ್ಲಿಗೆ ಮುಟ್ಟುವುದಿಲ್ಲ. ಆದ್ದರಿಂದ ಬದಲಾವಣೆಯನ್ನು ಹೊರಡುವ ಐದಾರು ತಿಂಗಳ ಮುಂಚೆ, ಈಗ ನೋಡುತ್ತಿರುವ ಡಾಕ್ಟರ ಹತ್ತಿರವೇ ಶುರುಮಾಡಿಸಿ. ಎಷ್ಟನೇ ವಾರಕ್ಕೆ ನೀರು ಮರಳುತ್ತದೆ ಅನ್ನುವುದು ಒಸಿಟಿ ಸ್ಕ್ಯಾನ್‌ನಲ್ಲೇ (ರೆಟಿನಾದ ಪದರಗಳನ್ನು ತೋರಿಸುವ ಚಿತ್ರ) ಗೊತ್ತಾಗಬೇಕು, ಅಂದಾಜಿನಲ್ಲಲ್ಲ.

ಕೊನೆಯ ಇಂಜೆಕ್ಷನ್ ವಿಮಾನದ ಹಿಂದಿನ ದಿನ ಬೇಡ, ಎಂಟು ಹತ್ತು ದಿನ ಮುಂಚೆ ಇರಲಿ. ಹಾರಾಟದಿಂದ ತೊಂದರೆಯಿಲ್ಲ (ರೆಟಿನಾ ಆಪರೇಷನ್‌ನಲ್ಲಿ ಕಣ್ಣಿಗೆ ಗ್ಯಾಸ್ ತುಂಬಿದ್ದರೆ ಮಾತ್ರ ಹಾರಲೇಬಾರದು). ಆದರೆ ಸೋಂಕು ಬಂದರೆ ಸಾಮಾನ್ಯವಾಗಿ ಮೊದಲ ವಾರದಲ್ಲೇ ಬರುತ್ತದೆ, ಆಗ ಡಾಕ್ಟರು ಕೈಗೆ ಸಿಗುವಂತಿರಬೇಕು. ಮೊದಲ ದಿನದ ಚುರುಚುರು ಕಣ್ಣು ಶುಚಿ ಮಾಡಲು ಹಾಕುವ ಅಯೋಡಿನ್‌ನದು. ಎರಡನೇ ದಿನದಿಂದ ನೋವು ಏರಿ ದೃಷ್ಟಿ ಇಳಿದರೆ ಅದೇ ದಿನ ಆಸ್ಪತ್ರೆ.

ಪ್ರವಾಸಿ ವಿಮೆಗಳು ಸಾಮಾನ್ಯವಾಗಿ ಹಳೆಯ ಕಾಯಿಲೆಯ ನಿಗದಿತ ಚಿಕಿತ್ಸೆಗೆ ಹಣ ಕೊಡುವುದಿಲ್ಲ, ಇಲ್ಲಿ ಬೇಕಾಗುವ ಡೋಸುಗಳಿಗೆ ಕೈಯಿಂದಲೇ ಕೊಡುವ ಲೆಕ್ಕ ಹಾಕಿಕೊಳ್ಳಿ. ಯಾವ ಕಣ್ಣು, ಯಾವ ಔಷಧಿ, ತಾರೀಖು, ಒಸಿಟಿ ಚಿತ್ರಗಳು, ಎಲ್ಲ ಒಂದು ಪೆನ್‌ಡ್ರೈವ್‌ನಲ್ಲಿ. ರೆಟಿನಾ ಡಾಕ್ಟರ ಅಪಾಯಿಂಟ್‌ಮೆಂಟ್ ಟಿಕೆಟ್‌ನ ಜೊತೆಗೇ ಹಿಡಿಯಿರಿ.

ಕಣ್ಣೇ ಔಷಧಿ ತಯಾರಿಸಿಕೊಳ್ಳುವಂತೆ ಮಾಡುವ ಜೀನ್ ಥೆರಪಿ ಈ ಕಾಯಿಲೆಗೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಇಂಜೆಕ್ಷನ್ ಬದಲು ಕಣ್ಣಿಗೆ ಬಿಡುವ ಹನಿಗಳ ಜಾಹೀರಾತು ನಂಬಬೇಡಿ: ಇಂಜೆಕ್ಷನ್ ಔಷಧಿಯ ದೊಡ್ಡ ಪ್ರೋಟೀನ್ ಕಣ್ಣಿನ ಮುಂಭಾಗ ದಾಟಿ ರೆಟಿನಾ ಮುಟ್ಟುವುದಿಲ್ಲ.