ಆಪ್ತಸಲಹೆ ಪ್ರಕರಣ: ಮುಗಿಯಲೊಲ್ಲದ ಕೆಲಸ

‘ಏನೂ ಹೊಳೆಯುತ್ತಿಲ್ಲ ಮೇಡಂ. ಮೊದಲೆಲ್ಲ ಪಾತ್ರೆ ತೊಳೆಯುವಾಗಲೂ ಏನಾದರೊಂದು ಹೊಳೆಯುತ್ತಿತ್ತು. ಈಗ ಬೆಳಿಗ್ಗೆ ಕುಳಿತರೆ ಮಧ್ಯಾಹ್ನದವರೆಗೆ ಬೇರೆಯವರ ಡಿಸೈನ್‌ಗಳನ್ನೇ ನೋಡುತ್ತಿರುತ್ತೇನೆ. ನೋಡಿದಷ್ಟೂ ನನ್ನ ಕೈಗೆ ಏನೂ ಬರುವುದಿಲ್ಲ ಎನಿಸುತ್ತದೆ.’

ಮೊದಲ ದಿನ ಆಕೆ ಹೇಳಿದ್ದು ಇಷ್ಟು. ವಯಸ್ಸು, ಗ್ರಾಹಕರ ವ್ಯಾಪಾರ, ಮನೆಯ ವಿವರಗಳನ್ನು ಬದಲಿಸಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅಜ್ಜಿಯ ವಿಚಾರವನ್ನು ಮಾತ್ರ ಹಾಗೆಯೇ ಇಡಿ ಎಂದು ಅವರೇ ಕೇಳಿಕೊಂಡರು.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಐದು ವರ್ಷ ದುಡಿದು, ಮಗು ಹುಟ್ಟಿದ ಮೇಲೆ ನೌಕರಿ ಬಿಟ್ಟು, ಮೂರು ವರ್ಷಗಳಿಂದ ಮನೆಯಿಂದಲೇ ಸ್ವತಂತ್ರವಾಗಿ ಗ್ರಾಫಿಕ್ ಡಿಸೈನ್ ಮಾಡುತ್ತಿದ್ದಾರೆ. ಲೋಗೋ, ಉಪ್ಪಿನಕಾಯಿ ಬಾಟಲಿಯ ಲೇಬಲ್, ಹೋಟೆಲಿನ ಮೆನು, ಮದುವೆಯ ಕರೆಯೋಲೆ, ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಪೋಸ್ಟರ್. ಗ್ರಾಹಕರು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಕಳುಹಿಸಿದ ಪಠ್ಯವನ್ನು ಯುನಿಕೋಡ್‌ಗೆ ತಿರುಗಿಸಿ, ಒಡೆದುಹೋದ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸುವ ಕೆಲಸಕ್ಕೆ ಅವರಿಗೆ ಯಾರೂ ಬಿಡಿಗಾಸು ಕೊಟ್ಟಿಲ್ಲ. ಅದೂ ಒಂದು ಕೆಲಸವೆಂದು ಗ್ರಾಹಕರಿಗೆ ಗೊತ್ತೇ ಇಲ್ಲ.

ಸ್ಫೂರ್ತಿಯ ಮಾತಿಗೆ ಕೈ ಹಾಕುವ ಮೊದಲು ನಾನು ನೋಡಬೇಕಾದದ್ದು ಬೇರೆ ಇತ್ತು. ಆಸಕ್ತಿ ಬತ್ತುವುದು ಖಿನ್ನತೆಯ ಲಕ್ಷಣವೂ ಹೌದು. ನಿದ್ದೆ, ಊಟ, ಅಳು, ಬದುಕೇ ಬೇಡವೆನಿಸುವ ಯೋಚನೆ ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 8 ಅಂಕ ಬಂತು; ಅದು ಸೌಮ್ಯ ಮಟ್ಟ. ಮಗುವಿನ ಜೊತೆ ಆಡುವಾಗ, ತಂಗಿಯ ಜೊತೆ ಹರಟುವಾಗ ಅವರು ಮೊದಲಿನಂತೆಯೇ ಇದ್ದರು. ಕಷ್ಟ ಇದ್ದದ್ದು ಕೆಲಸದ ಮೇಜಿನ ಮುಂದೆ ಮಾತ್ರ. ಹೀಗಿದ್ದರೂ ರಾತ್ರಿಯ ನಿದ್ದೆ ಪೂರ್ತಿ ಕೆಟ್ಟರೆ, ಮನಸ್ಸು ಕತ್ತಲಾದರೆ ನನಗಾಗಿ ಕಾಯಬೇಡಿ, 14416ಕ್ಕೆ ಕರೆ ಮಾಡಿ ಎಂದು ಟೆಲಿ-ಮಾನಸ್ ಸಂಖ್ಯೆಯನ್ನು ಬರೆದುಕೊಟ್ಟೆ. 2022ರಿಂದ ನಡೆಯುತ್ತಿರುವ ಈ ಸರ್ಕಾರಿ ಸೇವೆ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ಆ ದಿನ ನಾನು ಎಲ್ಲರಿಗೂ ಹೇಳುವ ಸಲಹೆಯನ್ನೇ ಹೇಳಿ ಕಳುಹಿಸಿದೆ: ಬೆಳಿಗ್ಗೆ ಮೊಬೈಲ್ ಮುಟ್ಟಬೇಡಿ, ಅರ್ಧ ಗಂಟೆ ನಡೆಯಿರಿ. ಎರಡು ವಾರ ಚಾಚೂ ತಪ್ಪದೆ ಪಾಲಿಸಿ ಬಂದರು. ಮುಖ ಇನ್ನೂ ಬಾಡಿತ್ತು. ‘ನಡೆದೂ ಏನೂ ಹೊಳೆಯಲಿಲ್ಲವೆಂದರೆ ನನ್ನಲ್ಲೇ ಏನೋ ಕೊರತೆ ಇರಬೇಕು’ ಎಂದರು. ತಪ್ಪು ನನ್ನದು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಬರ್ನ್‌ಔಟನ್ನು, ಅಂದರೆ ಕೆಲಸದ ಒತ್ತಡದಿಂದ ಬಸವಳಿಯುವುದನ್ನು, ಕಾಯಿಲೆಯೆಂದು ಕರೆಯುವುದಿಲ್ಲ, ಉದ್ಯೋಗದಿಂದ ಹುಟ್ಟುವ ಸ್ಥಿತಿ ಎನ್ನುತ್ತದೆ. ಅದು ಗೊತ್ತಿದ್ದೂ ನಾನು ಆಕೆಯ ಉದ್ಯೋಗದ ಕಡೆ ಕಣ್ಣು ಹಾಯಿಸಿರಲಿಲ್ಲ.

ಮುಂದಿನ ಸಲ ಲ್ಯಾಪ್‌ಟಾಪ್ ತರಲು ಹೇಳಿದೆ. ಗಾಣದ ಎಣ್ಣೆ ಮಾರುವ ಒಬ್ಬ ಗ್ರಾಹಕನ ಫೋಲ್ಡರ್ ತೆರೆದು ತೋರಿಸಿದರು. ಒಂದೇ ಲೋಗೋಗೆ ಇಪ್ಪತ್ತಮೂರು ಫೈಲುಗಳು: ‘ಫೈನಲ್’, ‘ಫೈನಲ್ 2’, ‘ಲಾಸ್ಟ್ ಫೈನಲ್’, ‘ಲಾಸ್ಟ್ ಫೈನಲ್ ಹೊಸ ಹಸಿರು’. ಐದು ತಿಂಗಳಿಂದ ಆ ಗ್ರಾಹಕ ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪ್‌ನಲ್ಲಿ ಧ್ವನಿಸಂದೇಶ ಕಳುಹಿಸುತ್ತಿದ್ದಾನೆ: ‘ಚೆನ್ನಾಗಿದೆ, ಆದರೆ ಇನ್ನೂ ಸ್ವಲ್ಪ ಎದ್ದು ಕಾಣಲಿ.’ ಬಾಕಿ 38,000 ರೂಪಾಯಿ. ಕೇಳಿದರೆ, ಕೆಲಸವೇ ಮುಗಿದಿಲ್ಲವಲ್ಲ ಎಂಬ ಉತ್ತರ. ಇಂಥ ಏಳು ಫೋಲ್ಡರ್‌ಗಳಿದ್ದವು. ಅವುಗಳಲ್ಲಿ ಎರಡು ಹತ್ತಿರದ ನೆಂಟರವು, ‘ಒಂದು ಕಾರ್ಡ್ ಮಾಡಿಕೊಡಮ್ಮ, ನೀನು ಹೇಗೂ ಮನೆಯಲ್ಲೇ ಇರುತ್ತೀಯಲ್ಲ’ ಎಂದು ಬಂದವು.

ಏಳೂ ಅರ್ಧಕ್ಕೇ ನಿಂತಿದ್ದವು. ಹೊಸ ಕೆಲಸಕ್ಕೆ ಒಂದು ಗೆರೆ ಎಳೆಯುವಾಗಲೂ ‘ಎದ್ದು ಕಾಣಲಿ’ ಎನ್ನುವ ದನಿ ಆಕೆಯ ಕಿವಿಯಲ್ಲಿತ್ತು. ಇದನ್ನು ಸ್ಫೂರ್ತಿ ಬತ್ತಿದ್ದು ಎಂದು ನಾನು ಒಪ್ಪುವುದಿಲ್ಲ. ಕೊನೆಯಿಲ್ಲದ ಕೆಲಸ, ಬಾರದ ಹಣ, ನುಂಗಿಕೊಂಡ ಸಿಟ್ಟು ಮೂರೂ ಸೇರಿ ಕೈ ಕಟ್ಟಿಹಾಕಿದ್ದವು.

ಕೊನೆಯ ಸಲ ಯಾವ ಭಯವೂ ಇಲ್ಲದೆ ಗೆರೆ ಎಳೆದದ್ದು ಯಾವಾಗ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅಜ್ಜಿಯ ವಿಚಾರ ತೆಗೆದರು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ, ದೀವರ ಸಮುದಾಯದ ಮನೆತನ. ಮದುವೆ ಮನೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ, ಹಸೆಗೋಡೆಗೆ, ಅಜ್ಜಿ ಚಿತ್ತಾರ ಬರೆಯುತ್ತಿದ್ದರು. ಕೆಮ್ಮಣ್ಣು ಸಾರಿಸಿದ ಗೋಡೆ, ಅರೆದ ಅಕ್ಕಿಯ ಬಿಳಿ, ಸುಟ್ಟು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಎಂಟು ವರ್ಷದ ಮೊಮ್ಮಗಳ ಕೈಗೆ ಅಂಚಿನ ಎಳೆಗಳನ್ನು ಬಿಟ್ಟುಕೊಡುತ್ತಿದ್ದರಂತೆ. ‘ಎಳೆ ಸೊಟ್ಟಗಾದರೆ ಅಳಿಸುತ್ತಿರಲಿಲ್ಲ. ಪಕ್ಕದ ಎಳೆಯನ್ನು ಅದಕ್ಕೆ ಹೊಂದಿಸುತ್ತಿದ್ದರು’ ಎನ್ನುವಾಗ ಆಕೆಯ ತೋರುಬೆರಳು ನನ್ನ ಮೇಜಿನ ಮೇಲೆ ತಾನಾಗಿಯೇ ಗೆರೆ ಎಳೆಯುತ್ತಿತ್ತು. ಎಷ್ಟು ದಿನ ಬರೆಯುತ್ತಿದ್ದರು ಎಂದೆ. ‘ಮದುವೆಯ ದಿನ ಬರುವವರೆಗೆ. ಆಮೇಲೆ ಅಜ್ಜಿಗೆ ಸೀರೆ, ತೆಂಗಿನಕಾಯಿ ಕೊಟ್ಟು ಊಟಕ್ಕೆ ಮುಂದಿನ ಪಂಕ್ತಿಯಲ್ಲೇ ಕೂರಿಸುತ್ತಿದ್ದರು’ ಎಂದು ಹೇಳಿ, ಮೊದಲ ಬಾರಿಗೆ ಅತ್ತರು.

ಸಲಹೆ ಹುಟ್ಟಿದ್ದು ಅಲ್ಲಿಂದ. ಪ್ರತಿ ಕೆಲಸಕ್ಕೂ ಒಂದು ಮದುವೆಯ ದಿನ ಬೇಕು ಎಂದೆ. ಆ ಮಾತು ಅವರಿಗೆ ತಟ್ಟನೆ ಹತ್ತಿತು. ಇಬ್ಬರೂ ಕುಳಿತು ಒಂದೇ ಪುಟದ ಒಪ್ಪಂದ ಬರೆದೆವು. ಅರ್ಧ ಹಣ ಮುಂಗಡ. ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ದರ. ಮುಗಿಯುವ ದಿನಾಂಕ. ಪೂರ್ತಿ ಹಣ ಬಂದ ಮೇಲೆ ಮೂಲ ಫೈಲು. ಸಂಜೆ ಏಳರ ನಂತರ ಸಂದೇಶಕ್ಕೆ ಉತ್ತರವಿಲ್ಲ. ನೆಂಟರ ಕಾರ್ಡಿಗೂ ದಿನಾಂಕ ಉಂಟು. ಹಣ ಬೇಡವೆಂದರೆ ಅದು ಉಡುಗೊರೆ, ಉಡುಗೊರೆಗೆ ತಿದ್ದುಪಡಿ ಇಲ್ಲ.

ಕಾನೂನು ನನ್ನ ಕ್ಷೇತ್ರವಲ್ಲ. ಆದರೂ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿಯ ಬಗ್ಗೆ ಲೆಕ್ಕಪರಿಶೋಧಕರೊಬ್ಬರನ್ನು ಕೇಳಿ ಎಂದು ಕಳುಹಿಸಿದೆ, ಏಕೆಂದರೆ ಹಣದ ಭಯಕ್ಕೆ ಬರಿಯ ಸಾಂತ್ವನ ಸಾಲದು. ಆಧಾರ್ ಆಧಾರಿತ ಈ ನೋಂದಣಿಗೆ ಶುಲ್ಕವಿಲ್ಲ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಎಂಎಸ್‌ಎಂಇ ಕಾಯ್ದೆಯಂತೆ, ನೋಂದಾಯಿತ ಕಿರು ಅಥವಾ ಸಣ್ಣ ಉದ್ಯಮಕ್ಕೆ ಹಣ ಕೊಡಲು ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. ನೋಂದಣಿಗೆ ಮುಂಚಿನ ಬಾಕಿಗೆ ಇದನ್ನು ನೆಚ್ಚಿಕೊಳ್ಳಲಾಗದು. ಮುಂದಿನ ಕೆಲಸಗಳಿಗಾದರೂ ಆಸರೆ ಇರಲಿ ಎಂಬುದಷ್ಟೇ ನನ್ನ ಉದ್ದೇಶ.

ನಿಜವಾದ ಕಷ್ಟ ಎಣ್ಣೆಯ ಗ್ರಾಹಕನಿಗೆ ಬರೆಯುವುದರಲ್ಲಿತ್ತು. ಆಕೆಯ ಮೊದಲ ಕರಡಿನಲ್ಲಿ ‘ತಪ್ಪು ತಿಳಿಯಬೇಡಿ’ ಎರಡು ಸಲ, ‘ತೊಂದರೆ ಕೊಡುತ್ತಿದ್ದೇನೆ’ ಒಂದು ಸಲ ಇತ್ತು. ಗ್ರಾಹಕನ ಪಾತ್ರ ನಾನು ವಹಿಸಿ, ಗಟ್ಟಿಯಾಗಿ ಓದಿಸಿದೆ. ನಾಲ್ಕನೆಯ ಸಲಕ್ಕೆ ಹೀಗೆ ನಿಂತಿತು: ‘ನಮಸ್ಕಾರ ಸರ್. ಇಪ್ಪತ್ತಮೂರು ಮಾದರಿಗಳನ್ನು ಕೊಟ್ಟಿದ್ದೇನೆ. ನಿಮಗೆ ಒಪ್ಪಿಗೆಯಾದ ಒಂದನ್ನು 15ರೊಳಗೆ ತಿಳಿಸಿ. ಬಾಕಿ 38,000 ರೂಪಾಯಿ ಸಂದಾಯವಾದ ದಿನವೇ ಮೂಲ ಫೈಲು ಕಳುಹಿಸುತ್ತೇನೆ.’ ಕಳುಹಿಸುವಾಗ ಕೈ ನಡುಗುತ್ತಿತ್ತು, ನನ್ನ ಎದುರೇ ಕಳುಹಿಸಿದರು.

ಇದರ ಜೊತೆಗೆ ಇನ್ನೊಂದು ಕೆಲಸ ಕೊಟ್ಟೆ: ದಿನಕ್ಕೆ ಇಪ್ಪತ್ತು ನಿಮಿಷ, ಕಾಗದದ ಮೇಲೆ, ಯಾರಿಗೂ ಅಲ್ಲದ ಗೆರೆ. ಅಳಿಸುವಂತಿಲ್ಲ, ಫೋಟೋ ತೆಗೆದು ಎಲ್ಲಿಯೂ ಹಾಕುವಂತಿಲ್ಲ. ಪತಿಯನ್ನೂ ಒಮ್ಮೆ ಕರೆಸಿ ಮಾತನಾಡಿದೆ. ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸಿಲಿಂಡರ್ ಬಂದರೂ ಬಾಗಿಲು ತೆರೆಯುವವರು ಬೇರೆಯವರು ಎಂಬುದು ಮನೆಯಲ್ಲಿ ತೀರ್ಮಾನವಾಯಿತು.

ಗ್ರಾಹಕ ಒಂಬತ್ತು ದಿನ ಮೌನವಾಗಿದ್ದು, ‘ಫೈನಲ್ 2’ ಅನ್ನೇ ಆರಿಸಿ 20,000 ರೂಪಾಯಿ ಹಾಕಿದ. ಇನ್ನೊಬ್ಬ ಗ್ರಾಹಕ ಒಪ್ಪಂದ ನೋಡಿ ಕೆಲಸವನ್ನೇ ಬೇರೆ ಕಡೆ ಒಯ್ದ. ಅದು ಆಕೆಗೆ ನೋವು ಕೊಟ್ಟಿತು, ಆ ತಿಂಗಳ ಖರ್ಚಿಗೂ ಹೊಡೆತ ಬಿತ್ತು. ಅದನ್ನು ನಾನು ಸಣ್ಣದೆಂದು ಹೇಳಲಿಲ್ಲ. ಏಳು ಫೋಲ್ಡರ್‌ಗಳಲ್ಲಿ ನಾಲ್ಕು ‘ಮುಗಿದವು’ ಎಂಬ ಹೊಸ ಫೋಲ್ಡರ್‌ಗೆ ಸೇರಿದವು. ಸೀಗೆ ಹುಣ್ಣಿಮೆಗೆ ಊರಿಗೆ ಹೋಗಿದ್ದಾಗ ಚಿಕ್ಕಮ್ಮನ ಜೊತೆ ಕುಳಿತು, ಹಬ್ಬದ ನೈವೇದ್ಯವನ್ನು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆದರಂತೆ. ಅದರ ಅಂಚಿನ ಎಳೆಯೊಂದು ಉಪ್ಪಿನಕಾಯಿ ಲೇಬಲ್ಲಿನ ಕೆಲಸದಲ್ಲಿ ಬಂದು ಕುಳಿತಿತ್ತು. ಆಕೆ ಹುಡುಕಿ ತಂದದ್ದಲ್ಲ ಎಂದು ಹೇಳಿದರು.

ಹನ್ನೊಂದನೆಯ ವಾರ ಕೊನೆಯ ಭೇಟಿ. ಬಾಕಿ 18,000ಕ್ಕೆ ಇನ್ನೊಂದು ಪತ್ರದ ಕರಡು ತಂದಿದ್ದರು. ಈ ಸಲ ಕ್ಷಮೆ ಕೇಳುವ ಸಾಲು ಒಂದೂ ಇರಲಿಲ್ಲ. ದಿನಾಂಕ ಬರೆಯುವುದನ್ನು ಮರೆತಿದ್ದರು. ಪೆನ್ನು ಕೊಟ್ಟೆ, ಬರೆದರು.